ಜತ್ತ ಸೀಮೆಯ ಊರುಗಳು

ಸ್ಥಳಚರಿತ್ರೆಯೆಂದರೆ ಕೋಟೆ, ಅರಮನೆಗಳ ವರ್ಣನೆ ಮಾತ್ರವಲ್ಲ. ಜನರು ಯಾವ ಊರನ್ನು ಯಾವ ಕಾರಣಕ್ಕೆ ನೆನೆಯುತ್ತಾರೆಂಬುದೂ ಚರಿತ್ರೆಯೇ. ಪೂರ್ವಕ್ಕೆ ವಿಜಯಪುರ, ದಕ್ಷಿಣಕ್ಕೆ ಅಥಣಿ ಸೀಮೆಗೆ ಹೊಂದಿಕೊಂಡಿರುವ ನಮ್ಮ ಜತ್ತ ತಾಲ್ಲೂಕನ್ನು ಈ ದೃಷ್ಟಿಯಿಂದ ನೋಡಬೇಕು.

ಜತ್ತವು ಡಫಳೆ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಡಫಳಾಪುರದ ಪಾಟೀಲಿಕೆಯಿಂದ ಹೆಸರು ಪಡೆದ ಈ ಮನೆತನವು ಹದಿನೇಳನೆಯ ಶತಮಾನದಲ್ಲಿ ವಿಜಯಪುರದ ಆದಿಲಶಾಹಿಯ ಆಶ್ರಯದಲ್ಲಿ ಬೆಳೆಯಿತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಯಪುರ, ಅಥಣಿ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು.

ಗಡಿ ಬದಲಾದರೂ ಜನರ ನಡೆ ಬದಲಾಗಲಿಲ್ಲ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಉಮರಾಣಿಯಲ್ಲಿ ಜನಿಸಿ ಗುಡ್ಡಾಪುರದಲ್ಲಿ ನೆಲೆಸಿದಳೆಂಬುದು ಪ್ರತೀತಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಉತ್ತರ ಕರ್ನಾಟಕದ ಭಕ್ತರು ಇಂದಿಗೂ ಪಾದಯಾತ್ರೆಯಲ್ಲಿ ಗುಡ್ಡಾಪುರಕ್ಕೆ ಬರುತ್ತಾರೆ. ಇತ್ತ ಉಮದಿಯ ಭಾವೂಸಾಹೇಬ ಮಹಾರಾಜರ ಸಾಧನೆಯು ಈಗಿನ ಗಡಿಯಾಚೆಯ ಇಂಚಗೇರಿ ಮಠದಲ್ಲಿ ನೆಲೆಗೊಂಡಿತು. ಅವರ ಶಿಷ್ಯರೂ 1886ರಲ್ಲಿ ಜಮಖಂಡಿಯಲ್ಲಿ ಜನಿಸಿದವರೂ ಆದ ಗುರುದೇವ ರಾನಡೆಯವರು ಮರಾಠಿ ಸಂತರನ್ನೂ ಕನ್ನಡದ ಅನುಭಾವಿಗಳನ್ನೂ ಸಮಾನ ಆದರದಿಂದ ಅಭ್ಯಸಿಸಿ ಗ್ರಂಥಗಳನ್ನು ರಚಿಸಿದರು.

ಆದುದರಿಂದ ಈ ಸೀಮೆಯ ಚರಿತ್ರೆಯನ್ನು ಅರಿಯಲು ಎರಡು ನುಡಿಗಳೂ ಬೇಕು. ಮನೆಯಲ್ಲಿ ಕನ್ನಡವಾಡುವ ವಿದ್ಯಾರ್ಥಿಗಳು ಅದನ್ನು ಓದಲು, ಬರೆಯಲು ಕಲಿಯದೆ ಹೋದರೆ ತಮ್ಮೂರಿನ ಅರ್ಧ ಚರಿತ್ರೆ ಅವರ ಪಾಲಿಗೆ ಇಲ್ಲವಾಗುತ್ತದೆ. ಬರುವ ರಜೆಯಲ್ಲಿ ಹಿರಿಯರ ಬಳಿ ಕುಳಿತು ದಾನಮ್ಮನ ಹಾಡುಗಳನ್ನು ಬರೆದುಕೊಳ್ಳುವುದು ಈ ಅಭ್ಯಾಸಕ್ಕೆ ಒಳ್ಳೆಯ ಆರಂಭವಾದೀತು.