ಅಣ್ಣನಿಗೆ ಹೀಗಾಯಿತು, ನನಗೂ ಪರೀಕ್ಷೆ ಬೇಕೇ?

ಪ್ರಶ್ನೆ: ಅಣ್ಣ 27ನೇ ವಯಸ್ಸಿಗೆ ನಿದ್ದೆಯಲ್ಲೇ ತೀರಿಕೊಂಡ. ಹೃದಯದಲ್ಲಿ ಬ್ಲಾಕ್ ಇರಲಿಲ್ಲವಂತೆ. ನಾನೂ ಪರೀಕ್ಷೆ ಮಾಡಿಸಬೇಕೇ?
– ಓದುಗ, ಪೀಣ್ಯ

ಉತ್ತರ: ಖಂಡಿತ ಮಾಡಿಸಿ, ಅಪ್ಪ, ಅಮ್ಮ, ಒಡಹುಟ್ಟಿದವರಿಗೂ ಮಾಡಿಸಿ. ರಕ್ತನಾಳ ಸರಿಯಿದ್ದರೂ ಹೃದಯದ ವಿದ್ಯುತ್ ಲಯ ಕೆಡಿಸುವ ಲಾಂಗ್ ಕ್ಯೂಟಿ, ಬ್ರುಗಾಡಾದಂಥ ತೊಂದರೆಗಳು ವಂಶಪಾರಂಪರ್ಯವಾಗಿ ಬರುತ್ತವೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ. 50.

ಮೊದಲು ಇಸಿಜಿ. ಒಮ್ಮೆ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಟ್ರೆಡ್‌ಮಿಲ್, ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್, ಜೀನ್ ಪರೀಕ್ಷೆಯೂ ಬೇಕಾಗಬಹುದು. ಲಾಂಗ್ ಕ್ಯೂಟಿಗೆ ಬೀಟಾ ಬ್ಲಾಕರ್ ಮಾತ್ರೆಯಿದೆ. ಅಪಾಯ ಹೆಚ್ಚಿದ್ದವರಿಗೆ, ಲಯ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಾಧನ ಅಳವಡಿಸುತ್ತಾರೆ. ಬ್ರುಗಾಡಾ ಇದ್ದವರು ಜ್ವರ ಬಂದರೆ ತಕ್ಷಣ ಇಳಿಸಿಕೊಳ್ಳಬೇಕು.

ಜಯದೇವ ಆಸ್ಪತ್ರೆಯೂ, 2001ರಿಂದ ಉಚಿತ ಚಿಕಿತ್ಸೆ ನೀಡುತ್ತಿರುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯೂ ಬೆಂಗಳೂರಿನಲ್ಲೇ ಇವೆ. ಅಣ್ಣನ ಹಳೆಯ ಇಸಿಜಿ, ಮರಣೋತ್ತರ ವರದಿ ಇದ್ದರೆ ಜೊತೆಗೊಯ್ಯಿರಿ. ತಡಮಾಡಬೇಡಿ.