ಗುಳ್ಳದ ದುಡ್ಡು ಸಾಗುವ ದಾರಿ

ಉಡುಪಿಯ ಮಟ್ಟುವಿನಲ್ಲಿ ಗುಳ್ಳ ಬದನೆ ಕೊಂಡು, ತಕ್ಕಡಿಯ ಪಕ್ಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ಪಿನ್ ಒತ್ತಿ. ಚೀಲ ಕೈಗೆ ಬರುವ ಮೊದಲೇ ಬೆಳೆಗಾರರ ಖಾತೆಗೆ ದುಡ್ಡು ಬಿದ್ದಾಗಿರುತ್ತದೆ. ಅಷ್ಟರೊಳಗೆ ಏನೆಲ್ಲ ನಡೆಯಿತೆಂದು ಬಿಡಿಸಿ ನೋಡಿದರೆ ಮೈ ಜುಮ್ಮೆನ್ನುತ್ತದೆ!

ನಿಮ್ಮ ಸಿಮ್ ಒಂದು ಕಂಪನಿಯದು. ಟವರಿನಿಂದ ಮುಂದಿನ ಫೈಬರ್ ಇನ್ನೊಬ್ಬರದ್ದಿರಬಹುದು. ಆ್ಯಪ್ ಮತ್ತೊಬ್ಬರದು, ಅದರ ಬೆನ್ನಿಗಿರುವ ಬ್ಯಾಂಕ್ ಬೇರೆ. ಕೋರಿಕೆ ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮಕ್ಕೆ ಓಡುತ್ತದೆ. ಅದು ನಿಮ್ಮ ಬ್ಯಾಂಕಿಗೆ ‘ಕಳೆ’ ಎನ್ನುತ್ತದೆ, ಉತ್ತರ ಬಂದ ಮೇಲೆ ಬೆಳೆಗಾರರ ಬ್ಯಾಂಕಿಗೆ ‘ಕೂಡಿಸು’ ಎನ್ನುತ್ತದೆ, ಮತ್ತೆ ಎರಡೂ ಕಡೆಗೆ ಸುದ್ದಿ ಮುಟ್ಟಿಸುತ್ತದೆ. ಈ ಇಡೀ ದಾರಿಗೆ ಒಡೆಯ ಯಾರು? ಯಾರೂ ಇಲ್ಲ!

ದೂರ ಇಲ್ಲಿ ಲೆಕ್ಕಕ್ಕೇ ಇಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಬೆಂಗಳೂರಿನಷ್ಟು ದೂರಕ್ಕೆ 2 ಮಿಲಿಸೆಕೆಂಡ್ ಸಾಕು. ಕಷ್ಟವಿರುವುದು ಒಬ್ಬರ ಜಾಲ ಮುಗಿದು ಇನ್ನೊಬ್ಬರದು ಶುರುವಾಗುವ ಗಡಿಯಲ್ಲಿ.

ಗುಳ್ಳಕ್ಕಾದರೆ ಖಾತರಿಯ ಮುದ್ರೆ ಇದೆ: 2011ರಿಂದ ಜಿಐ ಮಾನ್ಯತೆ, ಈ ಊರಿನ ಮಣ್ಣಿನದ್ದೇ ಎಂಬ ಮಾತು. ದುಡ್ಡಿನ ದಾರಿಗೂ ಅಂಥ ಮಾತುಗಳಿವೆ. ಕಚೇರಿಗಳಲ್ಲಿ ಎಸ್‌ಎಲ್‌ಎ ಎನ್ನುತ್ತಾರೆ: ಇಷ್ಟು ಹೊತ್ತು ಸೇವೆ ನಿಲ್ಲುವುದಿಲ್ಲ, ನಿಂತರೆ ಇಷ್ಟು ಪರಿಹಾರ. ಶೇ 99.9 ಎಂದು ಬರೆದುಕೊಟ್ಟ ಕಂಪನಿ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಮಾತಿಗೆ ತಪ್ಪಿದಂತಲ್ಲ. ಈಗ ಇಂಥ ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಒಬ್ಬರು ನಿಂತರೂ ದುಡ್ಡು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಖಾತರಿಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ! ಉಳಿಯುವುದು ಸುಮಾರು ಶೇ 99.6. ವರ್ಷಕ್ಕೆ 35 ಗಂಟೆ ದಾರಿ ಮುಚ್ಚಿದ್ದರೂ ನಾಲ್ವರಲ್ಲಿ ಯಾರೊಬ್ಬರೂ ಒಪ್ಪಂದ ಮುರಿದಿರುವುದಿಲ್ಲ. ಈ ಗಣಿತವನ್ನು ಶಾಲೆಯಲ್ಲೇ ಕಲಿಸಬೇಕು ಅನ್ನಿಸುತ್ತದೆ ನನಗೆ.

ಇನ್ನೊಂದು ಬೆರಗು ಜಾಲದಲ್ಲಿ ಮಾಹಿತಿ ಹೊತ್ತು ಸಾಗುವ ಪ್ಯಾಕೆಟ್ಟಿನ ತಲೆಯಲ್ಲಿದೆ. ಯಾವುದು ಅವಸರದ್ದು, ಯಾವುದು ಕಾಯಬಲ್ಲದು ಎಂದು ಗುರುತು ಹಾಕಲು ಅಲ್ಲಿ 6 ಬಿಟ್‌ಗಳ ಜಾಗವಿದೆ. ಈ ಏರ್ಪಾಡು ನಿಗದಿಯಾದದ್ದು 1998ರಲ್ಲಿ. ಮಾತಿನ ಕರೆಗೆ ಸಾಮಾನ್ಯವಾಗಿ 46 ಎಂಬ ಅಂಕಿ. ಒಂದೇ ಕಂಪನಿಯ ಜಾಲದೊಳಗೆ ಆ ಅಂಕಿ ಕಂಡ ರೂಟರ್ ದಾರಿ ಬಿಡುತ್ತದೆ. ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಗಡಿ ದಾಟಿದರೆ? ಪಕ್ಕದವರು ಅದನ್ನು ಸೊನ್ನೆ ಮಾಡಬಹುದು, ನೋಡದೆಯೂ ಇರಬಹುದು. ಹಾಗಾಗಿ ಇಡೀ ಜಗತ್ತಿನ ಸಾವಿರಾರು ಜಾಲಗಳ ನಡುವೆ ಸಾಮಾನ್ಯ ಬಳಕೆದಾರನಿಗೆ ಸಿಗುವುದು ‘ಆದಷ್ಟು ಪ್ರಯತ್ನಿಸುತ್ತೇವೆ’ ಎಂಬುದಷ್ಟೇ. ಅಷ್ಟರಲ್ಲೇ ಮಸ್ಕತ್ತಿನಲ್ಲಿರುವ ಮಗನ ಮುಖ ಕಟಪಾಡಿಯ ಅಮ್ಮನಿಗೆ ತೆರೆಯ ಮೇಲೆ ಕಾಣುತ್ತದೆ!

ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಇಲ್ಲೇ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನದ ಉಳಿತಾಯ ಬರೆದುಕೊಳ್ಳುತ್ತಿದ್ದರು. ಲೆಕ್ಕ ತಪ್ಪಿದರೆ ಕೇಳಲು ಒಂದೇ ಬ್ಯಾಂಕಿತ್ತು. ಗುಳ್ಳದ ದುಡ್ಡು ಸಾಗುವ ಈ ಯುಪಿಐ ದಾರಿಯಲ್ಲಿ ಯಾರನ್ನು ಕೇಳುವುದು?

ಇದಕ್ಕೂ ಉತ್ತರವಿದೆ, ಅದೂ ಗಡಿಗಳನ್ನೆಲ್ಲ ದಾಟಿದ ಉತ್ತರ! ಪಾವತಿಯ ಉತ್ತರಕ್ಕೆ 30 ಸೆಕೆಂಡ್ ಇದ್ದ ಗಡುವನ್ನು ಎನ್‌ಪಿಸಿಐ 2025ರ ಜೂನ್‌ನಲ್ಲಿ 15ಕ್ಕೆ ಇಳಿಸಿತು. ಅದಕ್ಕೂ ಮೊದಲು, 2019ರ ಸೆಪ್ಟೆಂಬರ್ 20ರಂದು, ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತ್ತು. ನಿಮ್ಮ ಖಾತೆಯಿಂದ ಹಣ ಕಳೆದು ಆಚೆಯವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಯ ಪಾವತಿಯಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ದೂರು ಬರಲೆಂದು ಕಾಯದೆ ಖಾತೆಗೆ ಹಾಕಬೇಕು. ಯಾವ ಕೊಂಡಿ ಕಳಚಿತು ಎಂದು ಗಿರಾಕಿ ಹುಡುಕಬೇಕಿಲ್ಲ. ಪರಿಹಾರ ಹಾಕದಿದ್ದರೆ ಬ್ಯಾಂಕಿಗೆ ದೂರು ಬರೆದುಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು.