ಗುಡ್ಡದ ಕಲ್ಲು, ಊರವರ ಮಾತು

ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯರ ಆಕಾರಕ್ಕೆ ಕಡಿದು ನಿಲ್ಲಿಸಿದ ಕಲ್ಲುಗಳಿವೆ. ಅಗಲವಾದ ಚಪ್ಪಡಿ, ಮೇಲೆ ತಲೆ, ಅದರ ಕೆಳಗೆ ಹೆಗಲು. ಕಣ್ಣು, ಮೂಗು, ಬಾಯಿ ಯಾವುದನ್ನೂ ಕೆತ್ತಿಲ್ಲ. ಕಬ್ಬಿಣದ ಬಳಕೆ ಶುರುವಾದ ಕಾಲದಲ್ಲಿ ಜನ ಸತ್ತವರಿಗಾಗಿ ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದರು. ಇವೂ ಅದೇ ಪರಂಪರೆಯವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ದಕ್ಷಿಣ ಭಾರತದಲ್ಲಿ ಇಂಥ ಮಾನವಾಕೃತಿಯ ಕಲ್ಲುಗಳು ಸಿಕ್ಕಿರುವುದು ಕೆಲವೇ ಜಾಗಗಳಲ್ಲಿ. ತಮಿಳುನಾಡಿನ ಮೊಟ್ಟೂರು ಅವುಗಳಲ್ಲೊಂದು. ಕೂಡ್ಲಿಗಿಯಿಂದ ಹಂಪಿಗೆ ಹೋಗಿಬಂದವರು ಎಷ್ಟೋ ಮಂದಿ. ಕುಮತಿಗೆ ಹೋಗಿಬಂದವರು ಎಷ್ಟು?

ಇಂಥ ಕಲ್ಲುಗಳನ್ನು ಜತನವಾಗಿ ಕಾಯುವ ದೇಶ ಐರ್ಲೆಂಡ್. ಆ ದ್ವೀಪಕ್ಕೂ ನಮ್ಮ ನಾಡಿಗೂ ಈ ವಿಷಯದಲ್ಲಿ ಹಳೆಯ ನಂಟಿದೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ರಾಜನಕೋಳೂರು, ಜೇವರ್ಗಿ ಮತ್ತು ಸುತ್ತಲಿನ ಊರುಗಳಲ್ಲಿ ಕಲ್ಗೋರಿಗಳನ್ನು ಕಂಡು, ಕೆಲವನ್ನು ಅಗೆಸಿದ. ಊರಿನವರು ಅವನ್ನು ಮೋರೇರ ಮನೆಗಳು ಎನ್ನುತ್ತಿದ್ದರು. ಮೋರೇರು ಎಂದರೆ ಹಿಂದೆ ಬಾಳಿ ಅಳಿದುಹೋದ ಗಿಡ್ಡ ಜನ ಎಂಬ ನಂಬಿಕೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಇವತ್ತಿಗೂ ಇದೆ. ಟೇಲರ್ ಅಗೆದ ಗೋರಿಗಳ ಮಣ್ಣಿನ ಪದರಗಳನ್ನು ಒಂದೊಂದಾಗಿ ಚಿತ್ರಿಸಿದ. ಆ ಚಿತ್ರಗಳನ್ನು ನೂರು ವರ್ಷಗಳ ನಂತರ ಮೆಚ್ಚಿಕೊಂಡವರು ಪುರಾತತ್ವಜ್ಞ ಮಾರ್ಟಿಮರ್ ವೀಲರ್. 1947ರಲ್ಲಿ ಕೂಡ್ಲಿಗಿಯ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಅಗೆಸಿದವರು ಇವರೇ. ಟೇಲರ್ ನಿವೃತ್ತನಾಗಿ ಡಬ್ಲಿನ್ ಬಳಿ ನೆಲೆಸಿದ ಮೇಲೆ, 1860ರ ದಶಕದಲ್ಲಿ ಅವನ ಬರಹವನ್ನು ಅಚ್ಚು ಹಾಕಿದ್ದು ರಾಯಲ್ ಐರಿಷ್ ಅಕಾಡೆಮಿ. ಹೀಗೆ ಸುರಪುರದ ಗೋರಿಗಳ ವಿವರ ಐರ್ಲೆಂಡಿನ ವಿದ್ವಾಂಸರ ಕೈ ತಲುಪಿತು.

ಎರಡೂ ಕಡೆಯ ಗೋರಿಗಳನ್ನು ಕಟ್ಟಿದವರು ಒಂದೇ ಮೂಲದವರಿರಬೇಕು ಎಂಬುದು ಟೇಲರನ ಊಹೆ. ಅದು ನಿಲ್ಲಲಿಲ್ಲ. ಐರ್ಲೆಂಡಿನ ಕ್ಲೇರ್ ಪ್ರಾಂತ್ಯದ ಪೌಲ್ನಬ್ರೋನ್ ಗೋರಿ ಕ್ರಿಸ್ತಪೂರ್ವ 3600ಕ್ಕಿಂತ ಹಿಂದಿನದು. ನಮ್ಮ ಕಲ್ಗೋರಿಗಳು ಹೆಚ್ಚಾಗಿ ಕ್ರಿಸ್ತಪೂರ್ವ 1200ರ ಈಚಿನವು. ನಡುವೆ ಎರಡು ಸಾವಿರ ವರ್ಷಕ್ಕೂ ಮಿಗಿಲಾದ ಅಂತರ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸುವ ಉಪಾಯ ಎರಡು ನೆಲಗಳಲ್ಲಿ ಬೇರೆಬೇರೆಯಾಗಿಯೇ ಹೊಳೆದಿದೆ.

ಅಲ್ಲಿನ ನ್ಯೂಗ್ರೇಂಜ್ ಎಂಬ ದಿಬ್ಬದ ಗೋರಿಯ ಕಥೆಯನ್ನು ನಮ್ಮ ಭಾಗದ ಎಲ್ಲರಿಗೂ ಹೇಳಬೇಕೆನಿಸುತ್ತದೆ. ಕ್ರಿಸ್ತಪೂರ್ವ ಸುಮಾರು 3200ರ ಕಟ್ಟಡ ಅದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. 1962ರಿಂದ ಅಲ್ಲಿ ಉತ್ಖನನ ನಡೆಸುತ್ತಿದ್ದ ಪ್ರೊಫೆಸರ್ ಓ'ಕೆಲ್ಲಿಯವರಿಗೆ, ವರ್ಷದ ಒಂದು ದಿನ ಸೂರ್ಯನ ಬೆಳಕು ಗೋರಿಯ ಒಳಕೋಣೆಗೆ ಬೀಳುತ್ತದೆ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಥೆ ಇಲ್ಲಿಗೆ ಬಂದು ಅಂಟಿಕೊಂಡಿರಬೇಕು ಎಂದುಕೊಂಡರು ಅವರು. ಆದರೂ ಬಾಗಿಲ ಮೇಲೆ ಒಂದು ಕಿಂಡಿ ಕಂಡಿತ್ತು, ಅದರ ಉದ್ದೇಶ ತಿಳಿದಿರಲಿಲ್ಲ. 1967ರ ಡಿಸೆಂಬರ್ 21ರ ನಸುಕಿನಲ್ಲಿ ಒಳಗೆ ಹೋಗಿ ಕಾದರು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬೆಳಕಿನ ಗೆರೆಯೊಂದು ಕಿಂಡಿಯಿಂದ ತೂರಿ, ಉದ್ದನೆಯ ಓಣಿ ದಾಟಿ ಒಳಕೋಣೆಯ ನೆಲ ಮುಟ್ಟಿತು. ಐದು ಸಾವಿರ ವರ್ಷ ಹಿಂದಿನವರು ವರ್ಷದ ಅತಿ ಚಿಕ್ಕ ಹಗಲನ್ನು ಲೆಕ್ಕ ಹಾಕಿ ಕಟ್ಟಿದ್ದರು. ಜನರ ಬಾಯಲ್ಲಿದ್ದ ಬೆಳಕಿನ ಮಾತು ನಿಜವಾಗಿತ್ತು.

ನಮ್ಮಲ್ಲೂ ಅಂಥದೇ ಒಂದು ಪ್ರಕರಣವಿದೆ. ಹೊಸಪೇಟೆ–ಬಳ್ಳಾರಿ ದಾರಿಯ ಕುಡತಿನಿಯ ಬೂದಿದಿಬ್ಬವನ್ನು ಭೀಮ ಕೊಂದ ಹಿಡಿಂಬಾಸುರನ ಚಿತಾಭಸ್ಮ ಎಂದು ಜನ ನಂಬಿದ್ದರು. ಹತ್ತೊಂಬತ್ತನೇ ಶತಮಾನದ ವಿದ್ವಾಂಸರು ಜ್ವಾಲಾಮುಖಿ ಎಂದರು, ಲೋಹ ಕರಗಿಸಿದ ಕಿಟ್ಟ ಎಂದರು. ಇದು ಸುಟ್ಟ ಸಗಣಿ ಎಂಬ ದಾರಿ ಹಿಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1960ರಲ್ಲಿ ವಿಜ್ಞಾನಿ ಝಾಯ್ನರ್ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಖಚಿತಪಡಿಸಿದರು. 1963ರಲ್ಲಿ ಬಂದ ಪುರಾತತ್ವಜ್ಞ ಆಲ್ಚಿನ್ನರ ಪುಸ್ತಕ ಚಿತ್ರವನ್ನು ಪೂರ್ತಿ ಮಾಡಿತು: ನವಶಿಲಾಯುಗದ ದನಗಾಹಿಗಳು ಬೇಲಿ ಕಟ್ಟಿ ದನ ಕೂಡುತ್ತಿದ್ದರು, ಪೇರಿದ ಸಗಣಿಗೆ ಆಗಾಗ ಬೆಂಕಿ ಇಡುತ್ತಿದ್ದರು, ಅದೇ ಬೆಳೆದು ದಿಬ್ಬವಾಯಿತು. ರಾಕ್ಷಸ ಇರಲಿಲ್ಲ, ನಿಜ. ಆದರೆ ಯಾರೋ ಬೇಕೆಂದೇ ದೊಡ್ಡ ಬೆಂಕಿ ಹಾಕಿದ್ದರು ಎಂಬ ಮಟ್ಟಿಗೆ ಊರವರ ಮಾತು ಜ್ವಾಲಾಮುಖಿಯ ವಾದಕ್ಕಿಂತ ಸತ್ಯಕ್ಕೆ ಹತ್ತಿರವಿತ್ತು.

ದನ ಕೂಡುವ ರೂಢಿ ನಮ್ಮ ಕಡೆ ಇವತ್ತಿಗೂ ಇದೆ. ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ಕಾಯಲು ಕಿಲಾರಿಗಳಿದ್ದಾರೆ, ಕೂಡಲು ರೊಪ್ಪಗಳಿವೆ. ಇವರೇ ಬೂದಿದಿಬ್ಬದವರ ವಂಶಸ್ಥರು ಎಂದು ಹೇಳಲು ಆಧಾರವಿಲ್ಲ, ಹಾಗೆ ಹೇಳಲೂಬಾರದು. ಆದರೆ ನಾಲ್ಕು ಸಾವಿರ ವರ್ಷ ಹಿಂದಿನ ದನದ ದೊಡ್ಡಿ ಹೇಗೆ ನಡೆಯುತ್ತಿತ್ತು, ಸಗಣಿಯನ್ನು ಯಾವಾಗ ಏನು ಮಾಡುತ್ತಿದ್ದರು ಎಂದು ತಿಳಿಯಬೇಕಾದವರು ಮೊದಲು ಕೂಡಬೇಕಾದದ್ದು ಕಿಲಾರಿಯ ಪಕ್ಕದಲ್ಲಿ. ಆ ಕಾಲದವರ ಊಟದ ಗುರುತೂ ಉಳಿದಿದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯ ಮಣ್ಣನ್ನು ತೊಳೆದು ಸೋಸಿದಾಗ ರವಿ ಕೋರಿಶೆಟ್ಟರ್ ಮತ್ತು ಡೋರಿಯನ್ ಫುಲ್ಲರ್ ಅವರ ತಂಡಕ್ಕೆ ಕರಕಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ಸಿಕ್ಕವು. ಹುರುಳಿ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ಕೊರಲೆ ಮಾತ್ರ ಅಷ್ಟಾಗಿ ಕಾಣುವುದಿಲ್ಲ.

ಐರ್ಲೆಂಡಿನವರು ಇಂಥ ಮಾತು ಮತ್ತು ಕಲ್ಲು ಎರಡನ್ನೂ ಬರೆದಿಟ್ಟ ಬಗೆ ನನಗೆ ತುಂಬ ಹಿಡಿಸಿದೆ. ಪುರಾತತ್ವಜ್ಞರಾದ ರೂರಿ ಡಿ ವಲೇರಾ ಮತ್ತು ಶಾನ್ ಓ ನುಲ್ಲಾನ್ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ನಡೆದು ಕಲ್ಗೋರಿಗಳನ್ನು ಅಳೆದು, ನಕ್ಷೆ ಬರೆದು ಸಂಪುಟಗಳನ್ನು ತಂದರು. ಕ್ಲೇರ್ ಪ್ರಾಂತ್ಯದ ಮೊದಲ ಸಂಪುಟ ಬಂದದ್ದು 1961ರಲ್ಲಿ. ಅದಕ್ಕೂ ಮುಂಚೆ, 1937ರಿಂದ 1939ರವರೆಗೆ, ಅಲ್ಲಿನ ಜಾನಪದ ಆಯೋಗ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳ ಕೈಗೆ ನೋಟ್‌ಪುಸ್ತಕ ಕೊಟ್ಟಿತ್ತು. ಮಕ್ಕಳು ಮನೆಯ, ನೆರೆಯ ಹಿರಿಯರನ್ನು ಕೇಳಿ ಊರಿನ ಹಳೆಯ ಕಲ್ಲು, ಕೋಟೆ, ಬಾವಿ, ಗೋರಿಗಳ ಕಥೆ ಬರೆದು ತಂದರು. ಸಂಶೋಧಕರು ಇಂದಿಗೂ ಆ ಪುಟಗಳನ್ನು ತಿರುವುತ್ತಾರೆ.

ನಮ್ಮಲ್ಲಿ ತಜ್ಞರ ಕೆಲಸ ನಡೆದಿದೆ. ಅ. ಸುಂದರ ಅವರು ಕರ್ನಾಟಕದ ಕಲ್ಗೋರಿಗಳ ಬಗ್ಗೆ 1975ರಲ್ಲಿ ದೊಡ್ಡ ಗ್ರಂಥವನ್ನೇ ತಂದರು. ನಡೆಯದಿರುವುದು ಹಳ್ಳಿ ಹಳ್ಳಿಯ ಕೆಲಸ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲು ಗಣಿಗಾರಿಕೆ ತಿಂದಿದೆ. ಕುಡತಿನಿಯ ದಿಬ್ಬವೂ ಇಡಿಯಾಗಿ ಉಳಿದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಒಂದೊಂದು ಪ್ರೌಢಶಾಲೆ ಒಂದೊಂದು ನೋಟ್‌ಪುಸ್ತಕ ಇಟ್ಟರೆ ಸಾಕು, ಕೆಲಸ ಶುರುವಾಗುತ್ತದೆ. ಮಕ್ಕಳು ಯಾವ ಕಲ್ಲನ್ನೂ ಅಗೆಯುವುದು, ಅಲುಗಿಸುವುದು ಬೇಡ. ಊರಿನ ಹೆಸರು, ಕಲ್ಲು ಯಾರ ಹೊಲದಲ್ಲಿದೆ ಅಥವಾ ಯಾವ ಗುಡ್ಡದ ಯಾವ ಮಗ್ಗುಲಲ್ಲಿದೆ, ಊರವರು ಅದನ್ನು ಏನೆಂದು ಕರೆಯುತ್ತಾರೆ, ಯಾವ ದಿನ ಪೂಜೆ, ಸುತ್ತ ಬೂದಿಮಣ್ಣು ಇದೆಯೇ, ಅಜ್ಜಿ ಹೇಳಿದ ಕಥೆ ಯಾವುದು ಎಂದು ಬರೆದು, ಒಂದು ಫೋಟೊ ಅಂಟಿಸಿ, ಪುಸ್ತಕದ ಒಂದು ಪ್ರತಿಯನ್ನು ಹಂಪಿಯಲ್ಲಿರುವ ಪುರಾತತ್ವ ಇಲಾಖೆಗೂ ಇನ್ನೊಂದನ್ನು ಕನ್ನಡ ವಿಶ್ವವಿದ್ಯಾಲಯಕ್ಕೂ ಕೊಡಬಹುದು. ಮೊದಲ ಪುಟವನ್ನು ಕುಮತಿಯ ಮಕ್ಕಳೇ ಬರೆಯಲಿ.